ನಾಲ್ಕನೇ ಕ್ಲಾಸಿನ ಭುಜ

ಕಚೇರಿಯಲ್ಲಿ ಮೂವತ್ತು ವರ್ಷ ಮಾಸಿಕ ಪ್ರಗತಿ ವರದಿ ಬರೆದು ನಿವೃತ್ತನಾದವನು ನಾನು. ಒಂದು ಭುಜವನ್ನು ಪ್ರಗತಿಪಥದಲ್ಲಿ ನಡೆಸುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ.

ಬಲಭುಜ ಬಿಗಿದುಕೊಂಡಿತ್ತು. ಕೈ ಭುಜದ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಯುಗಾದಿಗೆ ಮೂರೇ ವಾರ. ಅಲ್ಲಾಳಸಂದ್ರದ ನಮ್ಮ ಮನೆ ಬಾಗಿಲಿಗೆ ಮಾವಿನ ತೋರಣ ಕಟ್ಟುವವನು ನಾನೇ. ಮಗಳು ಸುಷ್ಮಾ ಚಿಕ್ಕವಳಿದ್ದಾಗ ಇದೇ ಭುಜದ ಮೇಲೆ ಕುಳಿತು ಎಲೆ ಎಣಿಸಿ ಕೊಡುತ್ತಿದ್ದಳು. ಈಗ ಮಾಕಳಿಯಲ್ಲಿ ಸಂಸಾರ ಹೂಡಿದ್ದರೂ ತೋರಣದ ಹೊತ್ತಿಗೆ ತಪ್ಪದೆ ಬರುತ್ತಾಳೆ. ಅವಳೆದುರು ಬೇರೆಯವರ ಕೈಯಲ್ಲಿ ತೋರಣ ಕಟ್ಟಿಸಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಸಂಜಯನಗರದ ಫಿಸಿಯೋಥೆರಪಿಸ್ಟ್ ನಾಜಿಯಾ ಮೇಡಂ ಮೊದಲು ಬಿಸಿ ಶಾಖ ಕೊಟ್ಟರು. ಅಮ್ಮ ಬಟ್ಟೆಯಲ್ಲಿ ಉಪ್ಪು ಕಟ್ಟಿ ಶಾಖ ಕೊಡುತ್ತಿದ್ದ ದಿನಗಳು ನೆನಪಾಗಿ ಹಾಯಾಗಿ ಕಣ್ಣು ಮುಚ್ಚಿದೆ. ಆಗ ಅವರು ನನ್ನ ಕೈ ಹಿಡಿದು ಮೇಲಕ್ಕೆತ್ತಿದರು. ನನ್ನ ಕೂಗಿಗೆ ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ ನಿಂತಿರಬೇಕು. ಅದು ಹೇಗೂ ನಿಂತೇ ಇರುತ್ತದೆ, ಆ ಮಾತು ಬೇರೆ.

"ಅಂಕಲ್, ಮನೇಲಿ ದಿನಾ ಬೆರಳು ನಡೆಸ್ತಾ ನಡೆಸ್ತಾ ಗೋಡೆ ಹತ್ಬೇಕು. ಎಲ್ಲಿವರ್ಗೂ ಹೋಗುತ್ತೋ ಅಲ್ಲಿ ಗೆರೆ ಹಾಕಿ ಫೋಟೋ ಕಳ್ಸಿ. ಗೆರೆ ಮೇಲೇರ್ತಿದ್ರೆ ಹಬ್ಬದವರೆಗೆ ಇಲ್ಲಿಗೆ ಬರೋದ್ ಬೇಡ," ಎಂದರು.

ಬರೋದು ಬೇಡ! ಎಂಥ ಮಧುರ ವಾಕ್ಯ!

ನಮ್ಮ ಬಾಗಿಲ ಪಕ್ಕದ ಗೋಡೆಯಲ್ಲಿ ಸುಷ್ಮಾಳ ಎತ್ತರದ ಪೆನ್ಸಿಲ್ ಗೆರೆಗಳಿವೆ, ಒಂದನೇ ಕ್ಲಾಸಿನಿಂದ ಹತ್ತನೆಯವರೆಗೆ. ಪೇಂಟರ್ ಬಂದಾಗಲೆಲ್ಲ ಜಗಳವಾಡಿ ಉಳಿಸಿಕೊಂಡ ಗೋಡೆ ಅದು. ಅಲ್ಲೇ ಬೆರಳು ಹತ್ತಿಸಿದೆ. ಮೂರು ದಿನವಾದರೂ ಗೆರೆ ಕದಲಲಿಲ್ಲ. ನಾಲ್ಕನೇ ದಿನ ನನ್ನೊಳಗಿನ ಗುಮಾಸ್ತ ಎದ್ದು ಕೂತ. ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಎರಡು ಬೆರಳು ಮೇಲೆ ಗೆರೆ ಎಳೆದು ಮೇಡಂಗೆ ಫೋಟೋ ಕಳಿಸಿದೆ. ಮರುದಿನ ಇನ್ನೆರಡು. ಕಚೇರಿಯಲ್ಲೂ ನಾನು ಗುರಿ ಸಾಧಿಸಿದ್ದು ಬಹುಪಾಲು ಹೀಗೆಯೇ.

ಹೆಂಡತಿ ಶಾರದಾ ಗೋಡೆ ನೋಡಿ ಹಿಗ್ಗಿದಳು. ಭುಜ ನೋವಿದ್ದ ಮೇಲಿನ ಮನೆ ಚಂದ್ರಪ್ಪನವರನ್ನು ಕರೆದು ತೋರಿಸಿದಳು. ನಾನು ಅವರಿಗೆ ಶಿಸ್ತಿನ ಮಹತ್ವದ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ.

"ಈ ಸ್ಟೂಲು ನೀವೇ ತಗೊಂಡ್ಹೋಗಿ. ನಮ್ಮೆಜಮಾನ್ರಿಗೆ ಇನ್ಯಾಕೆ?" ಎಂದು ಶಾರದಾ ಮನೆಯ ಒಂದೇ ಸ್ಟೂಲನ್ನೂ ಅವರ ಕೈಗಿತ್ತಳು.

ಯುಗಾದಿ ಬಂತು. ಸುಷ್ಮಾಳೂ ಬಂದಳು. "ಕಟ್ಟಿ ಅಪ್ಪ, ವಿಡಿಯೋ ಮಾಡ್ತೀನಿ."

ಗೋಡೆಯಲ್ಲಿ ನಾನೆಳೆದ ಕೊನೆಯ ಗೆರೆ ಬಾಗಿಲಿಗಿಂತ ಎತ್ತರದಲ್ಲಿತ್ತು. ತೋರಣ ಹಿಡಿದು ಕೈ ಎತ್ತಿದೆ. ಕೈ ಭುಜದ ಮಟ್ಟದಲ್ಲಿ ನಿಂತುಬಿಟ್ಟಿತು. ಹಲ್ಲು ಕಚ್ಚಿದೆ. ಹಲ್ಲು ನೋವಾಯಿತು, ಕೈ ಏಳಲಿಲ್ಲ.

ಸುಷ್ಮಾ ಫೋನ್ ಕೆಳಗಿಟ್ಟಳು. ಗೋಡೆ ನೋಡಿದಳು, ನನ್ನ ಮುಖ ನೋಡಿದಳು. ಪೆನ್ಸಿಲ್ ತಂದು ನನ್ನ ಬೆರಳ ತುದಿಗೆ ಸರಿಯಾಗಿ ಗೆರೆ ಎಳೆದಳು.

"ಅಪ್ಪ, ಇದು ನನ್ ನಾಲ್ಕನೇ ಕ್ಲಾಸು," ಎಂದಳು.

ಶಾರದಾ ಮೇಲೆ ಹೋಗಿ ಸ್ಟೂಲು ವಾಪಸ್ ತಂದಳು. ಸುಷ್ಮಾ ಅದನ್ನು ಹತ್ತಿ ಕೈ ಚಾಚಿದಳು. ನಾನು ಕೆಳಗೆ ನಿಂತು ಎಲೆ ಎಣಿಸಿ ಕೊಟ್ಟೆ. ಎರಡು ಸಲ ಎಣಿಕೆ ತಪ್ಪಿತು, ಕಣ್ಣು ಮಂಜಾಗಿತ್ತು.

ಹೊಸ ಗೆರೆಯ ಫೋಟೋವನ್ನು ಅವಳೇ ನಾಜಿಯಾ ಮೇಡಂಗೆ ಕಳಿಸಿದಳು. ಈಗ ನಾನು ಅವರ ಕ್ಲಿನಿಕ್ಕಿನಲ್ಲಿ ನಾಲ್ಕನೇ ಕ್ಲಾಸಿಗೆ ದಿನವೂ ಹಾಜರಾಗುತ್ತಿದ್ದೇನೆ. ಎಷ್ಟು ಕೂಗಿದರೂ ರಜೆ ಇಲ್ಲ. ಪಕ್ಕದ ಮಂಚದಲ್ಲಿ ಚಂದ್ರಪ್ಪನವರು, ನನ್ನ ಸಹಪಾಠಿ.