ಹಾಲಿನ ಕಲೆಯ ಹಾಜರಾತಿ

ನಮ್ಮ ಕಚೇರಿಯಲ್ಲಿ ಹಾಲು ಹಾಕದ ಚಹಾ ಕುಡಿಯುವವರನ್ನು ಗೈರುಹಾಜರು ಎಂದು ಪರಿಗಣಿಸಲಾಗುತ್ತದೆ. ಇದರಲ್ಲಿ ಯಾರ ಮೇಲೂ ಯಾರಿಗೂ ದ್ವೇಷವಿಲ್ಲ. ನಿಯಮ ಇರುವುದೇ ಹಾಗೆ.

ನಮ್ಮದು ಸೇತುವೆಗಳ ದಾಖಲೆ ಕಚೇರಿ. ಸೇತುವೆ ಕಟ್ಟುವವರು ಬೇರೆ, ಬೀಳಿಸುವವರು ಬೇರೆ. ಕಟ್ಟಿದ್ದೂ ಬಿದ್ದದ್ದೂ ಒಂದೇ ಕಡತದಲ್ಲಿರುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ಹೊಣೆ. ಒಟ್ಟು ಮೂವತ್ತೇಳು ಕುರ್ಚಿಗಳಿವೆ. ಹಿಂದೆ ಎಲ್ಲ ಕಡೆಯಂತೆ ಇಲ್ಲೂ ಹಾಜರಿ ಪುಸ್ತಕವಿತ್ತು. ತಿಂಗಳ ಮೊದಲ ದಿನವೇ ಇಡೀ ತಿಂಗಳ ಸಹಿ ಹಾಕಿ ಮುಗಿಸುವ ದಕ್ಷತೆ ನಮ್ಮವರಿಗೆ ಕೈಗೂಡಿದ ಮೇಲೆ ಆಗಿನ ಸಾಹೇಬರು ಹೊಸ ವಿಧಾನ ತಂದರು. ಬೆಳಿಗ್ಗೆ ಹನ್ನೊಂದಕ್ಕೆ ಕುರ್ಚಿಗೊಂದರಂತೆ ಚಹಾ ಲೋಟ ಬರುತ್ತದೆ. ಅರ್ಧ ಗಂಟೆ ಬಿಟ್ಟು ಲೋಟಗಳನ್ನು ಒಯ್ದು ಪರೀಕ್ಷಿಸುತ್ತಾರೆ. ಲೋಟ ಖಾಲಿಯಾಗಿ ತಳದಲ್ಲಿ ಹಾಲಿನ ಕಲೆಯಿದ್ದರೆ ಆ ಕುರ್ಚಿ ಹಾಜರು. ತುಂಬಿದ್ದರೆ ಗೈರು. ಖಾಲಿಯಾಗಿದ್ದೂ ಕಲೆಯಿಲ್ಲದಿದ್ದರೆ ಮನೆಯಿಂದ ತಂದು ಅದಲುಬದಲು ಮಾಡಿದ ಲೋಟವೆಂದು ತಿಳಿದು ಅದೂ ಗೈರು. ಮನುಷ್ಯ ಸಹಿಯಲ್ಲಿ ಸುಳ್ಳು ಹೇಳಿಯಾನು, ಬಿಟ್ಟಿ ಚಹಾದ ವಿಷಯದಲ್ಲಿ ಸುಳ್ಳು ಹೇಳಲಾರ ಎಂಬುದು ಆ ಸಾಹೇಬರ ಸಿದ್ಧಾಂತವಾಗಿತ್ತು.

ನಾನು ಹದಿನಾಲ್ಕನೇ ಕುರ್ಚಿ. ಹೊರಗಿನಿಂದ ಬಂದ ಕಾಗದಗಳಿಗೆ ಸಂಖ್ಯೆ ಕೊಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಒಂದು ಲೋಟವನ್ನೂ ತಪ್ಪಿಸಿದವನಲ್ಲ. ಕಿಟಕಿಯ ಪಕ್ಕ, ಬಿಸಿಲು ಬೀಳುವ ಜಾಗದಲ್ಲಿ ಸೂಪರಿಂಟೆಂಡೆಂಟರ ಕುರ್ಚಿಯಿದೆ. ಅವರು ಮೂರು ತಿಂಗಳಲ್ಲಿ ನಿವೃತ್ತರಾಗುವವರಿದ್ದರು, ಸರದಿ ನನ್ನದಿತ್ತು. ಕೊನೆಯ ಮೂರು ತಿಂಗಳಲ್ಲಿ ಒಂದೂ ಗೈರು ಇರಕೂಡದು ಎಂಬುದೊಂದೇ ಷರತ್ತು. ಆ ಕುರ್ಚಿಯ ಮೇಲೆ ನನಗೆ ಎಷ್ಟು ಆಸೆಯಿತ್ತೆಂದರೆ, ಅವರು ಊಟಕ್ಕೆ ಹೋದಾಗ ಎರಡು ಸಲ ಕೂತೂ ನೋಡಿದ್ದೆ.

ಇಂಥ ಸಂದರ್ಭದಲ್ಲಿ ನನ್ನ ಮಗಳ ಶಾಲೆಯವರು ಮಕ್ಕಳನ್ನು ಹಾಲಿನ ಫಾರ್ಮ್ ನೋಡಲು ಕರೆದುಕೊಂಡು ಹೋದರು. ಮಗಳಿಗೆ ಹನ್ನೆರಡು ವರ್ಷ. ಉಳಿದ ಮಕ್ಕಳು ಯಂತ್ರ ನೋಡಿ ಬಂದರು, ಇವಳು ಹಿಂದಿನ ಕೊಟ್ಟಿಗೆಗೆ ಹೋಗಿ ತಾಯಿಯಿಂದ ಬೇರೆ ಮಾಡಿ ಕಟ್ಟಿದ್ದ ಕರುವನ್ನು ನೋಡಿ ಬಂದಳು. ಅದು ಇವಳ ಬೆರಳು ಚೀಪಿತಂತೆ. ಅಂದು ಸಂಜೆ ಹಾಲಿನ ಲೋಟ ಸರಿಸಿ, "ಇನ್ಮೇಲೆ ನಾನು ವೀಗನ್," ಅಂದಳು. ಹಾಲು, ಮೊಸರು, ಬೆಣ್ಣೆ, ಮೊಟ್ಟೆ, ಜೇನು, ಪ್ರಾಣಿಯಿಂದ ಬಂದದ್ದು ಯಾವುದೂ ಬೇಡ ಎಂದು ವಿವರಿಸಿದಳು.

"ಎಷ್ಟು ದಿನ?" ಅಂದೆ.

"ಯಾವಾಗ್ಲೂ. ನೀನು ನೂರು ದಿನ ಮಾಡಿ ತೋರ್ಸಪ್ಪ, ಸಾಕು. ದೊಡ್ಡೋರು ಹೇಳಿದ್ದು ಮಾಡ್ತಾರೆ ಅಂತ ಆಗ ನಂಬ್ತೀನಿ."

ನನ್ನ ಹೆಂಡತಿ ಪಾತ್ರೆ ಉಜ್ಜುತ್ತಲೇ, "ವ್ಯಾಯಾಮ ಮಾಡ್ತೀನಿ ಅಂತ ತಂದ ಶೂ ಇನ್ನೂ ಡಬ್ಬಿಯಲ್ಲೇ ಇದೆ," ಅಂದಳು. ಆ ಮಾತು ನನ್ನನ್ನು ಚುಚ್ಚಿತು. ಮಗಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಅವಳು ಅಡುಗೆಮನೆಯ ಕ್ಯಾಲೆಂಡರಿಗೆ ಪೆನ್ನು ಕಟ್ಟಿ ತೂಗುಹಾಕಿದಳು. ದಿನಾ ಮಲಗುವ ಮುಂಚೆ ನನ್ನನ್ನು ವಿಚಾರಿಸಿ ಒಂದು ಗುರುತು ಹಾಕುವುದು ಎಂದಾಯಿತು.

ವೀಗನ್ ಆದ ಅನುಭವವನ್ನು ಹಲವರು ಕೇಳುತ್ತಾರೆ, ಆದ್ದರಿಂದ ದಾಖಲಿಸುತ್ತೇನೆ. ಮೊದಲ ವಾರ ಮನುಷ್ಯ ಓದುವುದನ್ನು ಕಲಿಯುತ್ತಾನೆ. ಬಿಸ್ಕತ್ತಿನ ಪೊಟ್ಟಣದ ಹಿಂದೆ ಸಾಸಿವೆಯಷ್ಟು ಅಕ್ಷರದಲ್ಲಿ ಇಷ್ಟೊಂದು ಸಾಹಿತ್ಯವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಎರಡನೇ ವಾರ ಬಂಧುಬಳಗ ಎಚ್ಚರವಾಗುತ್ತದೆ. ಹತ್ತು ವರ್ಷದಿಂದ ನನ್ನ ಆರೋಗ್ಯ ವಿಚಾರಿಸದ ಅಕ್ಕ ಫೋನ್ ಮಾಡಿ, "ಯಾವ ಡಾಕ್ಟ್ರು ಹೇಳಿದ್ದು? ಮುಚ್ಚಿಡಬೇಡ ಕಣೋ," ಎಂದು ಅತ್ತಳು. ಕರುವಿನ ಮೇಲಿನ ಪ್ರೀತಿಯಿಂದ ನಾನು ಇದನ್ನು ಶುರುಮಾಡಲಿಲ್ಲ, ಹೆಂಡತಿಯ ಮಾತಿಗೆ ರೋಷ ಬಂದು ಮಾಡಿದೆ. ಆದರೆ ಇಪ್ಪತ್ತನೇ ದಿನದ ಸುಮಾರಿಗೆ, ನೋಡದ ಆ ಕರುವಿನ ನೆನಪು ನನಗೂ ಆಗತೊಡಗಿತು. ಯಾಕೆಂದು ಹೇಳಲು ಬರುವುದಿಲ್ಲ.

ಕಚೇರಿಯಲ್ಲಿ ಮೊದಲ ದಿನವೇ ನನ್ನ ಲೋಟ ತುಂಬಿದಂತೆಯೇ ವಾಪಸ್ ಹೋಯಿತು. ಚಹಾ ತರುವ ಟ್ರೇ ಅಣ್ಣ ಒಳ್ಳೆಯವನು.

"ಒಂದ್ ಗುಟುಕು ಕುಡಿದ್ಬಿಡಿ ಸಾರ್, ಮಗೂಗೆ ಯಾರು ಹೇಳ್ತಾರೆ?"

"ಕಪ್ಪು ಚಹಾ ಕೊಡು, ಕುಡೀತೀನಿ."

"ಕೊಡ್ತೀನಿ. ಆದ್ರೆ ಅದು ಕುಡಿದ್ರೆ ನೀವು ಬಂದಿಲ್ಲ ಅಂತಾಗುತ್ತೆ."

ಹನ್ನೊಂದು ದಿನ ನಾನು ಬರಲಿಲ್ಲ. ಹನ್ನೆರಡನೇ ದಿನ ಮುಖ್ಯ ಕಚೇರಿಯಿಂದ ಬಂದ ಕಾಗದಗಳಿಗೆ ಸಂಖ್ಯೆ ಕೊಡುತ್ತಿದ್ದಾಗ, ಅವುಗಳಲ್ಲಿ ನಾನು ನಾಪತ್ತೆಯಾಗಿರುವ ಬಗ್ಗೆ ಒಂದು ನೋಟಿಸು ಸಿಕ್ಕಿತು. ನಿಯಮದಂತೆ ಅದಕ್ಕೂ ಸಂಖ್ಯೆ ಕೊಟ್ಟು, ನನ್ನ ಟೇಬಲ್ಲಿಗೆ ಕಳಿಸಿ, ಸ್ವೀಕರಿಸಿ, ಅಂದೇ ಉತ್ತರ ಬರೆದೆ. ಈಗಿನ ಸಾಹೇಬರು ನನ್ನನ್ನು ಕರೆಸಿದರು.

"ನಿಮ್ಮ ಉತ್ತರ ಚೆನ್ನಾಗಿದೆ. ಆದ್ರೆ ಇದನ್ನ ತಗೊಳ್ಳೋಕೆ ಬರಲ್ಲ."

"ಯಾಕೆ ಸಾರ್?"

"ಗೈರುಹಾಜರಾದವರು ಕಚೇರಿಯಲ್ಲಿ ಕೂತು ಉತ್ತರ ಬರೆಯೋದು ಹೇಗ್ರೀ? ನಾಳೆ ಆಕ್ಷೇಪಣೆ ಬರುತ್ತೆ."

"ಸಾರ್, ನಾನು ನಿಮ್ಮ ಎದುರಿಗೇ ನಿಂತಿದ್ದೀನಿ."

"ಅದು ನಮ್ಮಿಬ್ಬರ ವೈಯಕ್ತಿಕ ವಿಷಯ," ಅಂದರು. ಒರಟಾಗಿ ಹೇಳಲಿಲ್ಲ, ನೊಂದುಕೊಂಡೇ ಹೇಳಿದರು.

ವಿಷಯ ಸಮಿತಿಗೆ ಹೋಯಿತು. ಸಮಿತಿಯಲ್ಲಿ ಹದಿನೈದನೇ ಕುರ್ಚಿಯವರೂ ಇದ್ದರು. ನನ್ನ ನಂತರದ ಸರದಿ ಅವರದು, ಆದ್ದರಿಂದ ನನ್ನ ಬಗ್ಗೆ ಅವರಿಗೆ ಬಹಳ ಕಾಳಜಿ. ಹಾಲಿಲ್ಲದ ಚಹಾವನ್ನು ಚಹಾ ಎಂದು ಒಪ್ಪಲು ಬರುವುದಿಲ್ಲ ಎಂದು ಸಮಿತಿ ಮೊದಲು ತೀರ್ಮಾನಿಸಿತು. ಆಮೇಲೆ ನಿಯಮದ ಮೂಲ ಪ್ರತಿ ತರಿಸಿ ಓದಿದರು. ಅದರಲ್ಲಿ ಲೋಟ ಖಾಲಿಯಾಗಿರಬೇಕು, ಕಲೆಯಿರಬೇಕು ಎಂದಷ್ಟೇ ಇತ್ತು. ಯಾರು ಕುಡಿಯಬೇಕು ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯ ಆ ಹಿಂದಿನ ಸಾಹೇಬರಿಗೆ ಕಂಡಿರಲಾರದು.

ಕಡತಗಳ ಕೋಣೆಯಲ್ಲಿ ಇಲಿಗಳಿಗಾಗಿ ಸಾಕಿದ್ದ ಬೂದು ಬೆಕ್ಕೊಂದು ಆಗ ಬಾಗಿಲಲ್ಲಿ ಕೂತಿತ್ತು. ಅದನ್ನು ಹದಿನಾಲ್ಕನೇ ಕುರ್ಚಿಯ ಲೋಟ ಪ್ರತಿನಿಧಿಯಾಗಿ ನೇಮಿಸಲಾಯಿತು. ಬೆಕ್ಕು ಚಹಾ ಮುಟ್ಟುವುದಿಲ್ಲ, ಬರೀ ಹಾಲಾದರೆ ಕುಡಿಯುತ್ತದೆ ಎಂದು ಟ್ರೇ ಅಣ್ಣ ಹೇಳಿದ. ಸಮಿತಿ ಮತ್ತೆ ಚರ್ಚಿಸಿ, ಹಾಲಿಲ್ಲದ ಚಹಾ ಚಹಾ ಅಲ್ಲದಿದ್ದರೂ ಚಹಾ ಇಲ್ಲದ ಹಾಲು ಚಹಾವೇ ಎಂದು ಒಪ್ಪಿತು. ಹಿಂದಿನ ಗೈರು ಸರಿಪಡಿಸಲು ಬಾಕಿಯಿದ್ದ ಲೋಟಗಳನ್ನೆಲ್ಲ ಬೆಕ್ಕಿಗೆ ಎರಡೇ ದಿನದಲ್ಲಿ ಕುಡಿಸಿದರು. ಮೂರನೇ ದಿನ ಅದು ಏಳಲಿಲ್ಲ. ಅದಕ್ಕೆ ಒಂದು ದಿನದ ವಿಶ್ರಾಂತಿ ಮಂಜೂರಾಯಿತು.

ಹೀಗೆ ನಾನು ಪೂರ್ತಿ ಹಾಜರಾದೆ. ರಾತ್ರಿ ಮಗಳು, "ಇವತ್ತೂ ಕುಡೀಲಿಲ್ವಾ?" ಅಂದಾಗ "ಇಲ್ಲ" ಅಂದೆ. ಅದು ಸುಳ್ಳಾಗಿರಲಿಲ್ಲ. ಅವಳು ಗುರುತು ಹಾಕಿದಳು. ಎರಡೂ ಕಡೆ ಲೆಕ್ಕ ಸರಿಹೋಯಿತೆಂದು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಈ ವ್ಯವಸ್ಥೆಯ ಒಳಗುಟ್ಟು ಮೊದಲು ಹೊಳೆದದ್ದು ಹದಿನೈದನೇ ಕುರ್ಚಿಯವರಿಗೆ. ಬೆಕ್ಕು ಕುಡಿದರೆ ಕುರ್ಚಿ ಹಾಜರು. ಹಾಗಿದ್ದ ಮೇಲೆ ಕುರ್ಚಿಯಲ್ಲಿ ಕೂರುವುದೇಕೆ? ಮರುದಿನವೇ ಅವರು ಅರ್ಜಿ ಕೊಟ್ಟರು: "ಮೂಕಪ್ರಾಣಿಗಳ ನೋವು ನನ್ನ ಕರುಳನ್ನು ಹಿಂಡುತ್ತಿರುವುದರಿಂದ ಇಂದಿನಿಂದ ನಾನು ವೀಗನ್ ಆಗಿರುತ್ತೇನೆ. ನನಗೂ ಒಂದು ಬೆಕ್ಕನ್ನು ಮಂಜೂರು ಮಾಡಬೇಕಾಗಿ ವಿನಂತಿ." ಅರ್ಜಿ ಹಿಡಿದಿದ್ದ ಕೈಗೆ ಮೊಟ್ಟೆಯ ವಾಸನೆಯಿತ್ತು. ಬೆಳಗಿನ ತಿಂಡಿಯದಿರಬೇಕು.

ಆ ವಾರ ಹನ್ನೊಂದು ಅರ್ಜಿಗಳು ಬಂದವು, ಮುಂದಿನ ವಾರ ಇಪ್ಪತ್ನಾಲ್ಕು. ಎಲ್ಲಕ್ಕೂ ಸಂಖ್ಯೆ ಕೊಟ್ಟವನು ನಾನೇ. ಕರುಣೆ ಇಷ್ಟು ಬೇಗ ಹಬ್ಬುವ ಗುಣವುಳ್ಳದ್ದೆಂದು ಗೊತ್ತಿದ್ದರೆ ನನ್ನ ಮಗಳು ಮೊದಲು ಕಚೇರಿಯಿಂದಲೇ ಶುರುಮಾಡುತ್ತಿದ್ದಳು. ಒಂದು ಬೆಕ್ಕಿಗೆ ನಾಲ್ಕು ಲೋಟಕ್ಕಿಂತ ಹೆಚ್ಚಿಗೆ ಒಪ್ಪಿಸಬಾರದೆಂಬ ನಿಯಮ ಮಾಡಿ, ಇನ್ನೂ ಒಂಬತ್ತು ಬೆಕ್ಕುಗಳನ್ನು ತರಿಸಿದರು. ಕೊನೆಗೆ ಸಾಹೇಬರ ಕರುಳೂ ಕರಗಿತು. ಅವರು ಮನೆಯಲ್ಲೇ ಉಳಿಯುವ ಮುಂಚೆ ಹೊರಡಿಸಿದ ಸುತ್ತೋಲೆ ಗೋಡೆಯ ಮೇಲೆ ಇನ್ನೂ ಇದೆ:

"ಈ ಕಚೇರಿಯ ಸಮಸ್ತ ಸಿಬ್ಬಂದಿಯು ಪ್ರಾಣಿಜನ್ಯ ಪದಾರ್ಥಗಳನ್ನು ತ್ಯಜಿಸಿರುವುದು ಹೆಮ್ಮೆಯ ಸಂಗತಿ. ಹಾಲಿನ ಹೆಚ್ಚುವರಿ ಬೇಡಿಕೆಯ ಹಿನ್ನೆಲೆಯಲ್ಲಿ ಸರಬರಾಜುದಾರರು ದಿನಕ್ಕೆ ನಾಲ್ಕು ಕ್ಯಾನ್ ಒದಗಿಸತಕ್ಕದ್ದು."

ಮೊದಲು ಚಹಾಕ್ಕೆ ಒಂದು ಕ್ಯಾನ್ ಸಾಕಾಗುತ್ತಿತ್ತು. ಈಗ ಲೋಟದ ತುಂಬ ಬರೀ ಹಾಲು, ಅದಕ್ಕೇ ನಾಲ್ಕು. ಇದನ್ನು ನಾನು ಮಗಳಿಗೆ ಹೇಳಲಿಲ್ಲ.

ಮೂವತ್ತೇಳು ಕುರ್ಚಿಗಳೂ ದಿನಾ ಹಾಜರಿದ್ದವು. ಮನುಷ್ಯರಲ್ಲಿ ನಾನು ಮತ್ತು ಟ್ರೇ ಅಣ್ಣ ಇದ್ದೆವು. ನಿವೃತ್ತಿಗೆ ಕಾಯುತ್ತಿದ್ದ ಸೂಪರಿಂಟೆಂಡೆಂಟರೂ ಮನೆಯಲ್ಲೇ ಕಾಯತೊಡಗಿದರು. ಹೊರಗೆ ಎಲ್ಲೋ ಒಂದು ಸೇತುವೆ ಬಿತ್ತು. ಆ ಕಾಗದ ಬಂತು, ಸಂಖ್ಯೆ ಕೊಟ್ಟು, ಮೂವತ್ತಾರು ಟೇಬಲ್ಲುಗಳನ್ನು ನಾನೇ ಸುತ್ತಿಸಿ ಕಡತಕ್ಕೆ ಸೇರಿಸಿದೆ.

ನೂರನೇ ದಿನ ಬಂತು. ಅದೇ ದಿನ ಸೂಪರಿಂಟೆಂಡೆಂಟರ ನಿವೃತ್ತಿ, ಅದೇ ದಿನ ಕಚೇರಿಗೆ 'ಕರುಣಾಮಯಿ ಕಚೇರಿ' ಎಂಬ ಫಲಕ ಕೊಡುವ ಸಮಾರಂಭ. ಫಲಕದ ಜೊತೆ ಊಟವೂ ಇದ್ದುದರಿಂದ ಎಲ್ಲರೂ ಬಂದಿದ್ದರು. ಊಟದಲ್ಲಿ ಏನೇನಿತ್ತೆಂದು ಬರೆಯುವುದಿಲ್ಲ, ಫಲಕಕ್ಕೆ ಅವಮಾನವಾದೀತು. ಮಗಳಿಗೆ ಶಾಲೆಗೆ ರಜೆ. "ನಾನೂ ಬರ್ತೀನಿ," ಎಂದು ಹೊರಟಳು. ಬಾಗಿಲಲ್ಲಿ ನಿಂತು ಸುತ್ತೋಲೆಯ ಮೊದಲ ಸಾಲು ಓದಿದಳು.

"ಇವರೆಲ್ಲ ಬಿಟ್ರಾ ಅಪ್ಪ? ನಿನ್ನ ನೋಡಿ?"

"ನನ್ನ ನೋಡಿಯೇ," ಅಂದೆ. ಅದೂ ಸುಳ್ಳಲ್ಲ. ಅವಳ ಮುಖ ಅರಳಿತು. ನಾನು ಸುತ್ತೋಲೆಯ ಎರಡನೇ ಸಾಲಿಗೆ ಅಡ್ಡವಾಗಿ ನಿಂತೆ.

ಸಾಹೇಬರು ಬಡ್ತಿಯ ಕಾಗದ ಮುಂದಿಟ್ಟರು. ಎಲ್ಲ ತಯಾರಾಗಿತ್ತು, ಕೆಳಗೆ ಒಂದು ಘೋಷಣೆ ಮಾತ್ರ ಬಾಕಿ. ಮಗಳು ನನ್ನ ತೋಳಿನ ಪಕ್ಕದಿಂದ ಬಗ್ಗಿ, ಶಾಲೆಯಲ್ಲಿ ಓದುವಂತೆ ಜೋರಾಗಿ ಓದಿದಳು: "ಹದಿನಾಲ್ಕನೇ ಕುರ್ಚಿಗೆ ಬಂದ ಹಾಲಿನ ಲೋಟಗಳನ್ನು ಕಳೆದ ಮೂರು ತಿಂಗಳು ಒಂದೂ ಬಿಡದೆ ಖಾಲಿ ಮಾಡಿದವನು ನಾನೇ ಎಂದು ಪ್ರಮಾಣೀಕರಿಸುತ್ತೇನೆ."

ಓದಿ ಮುಗಿಸಿ ನನ್ನ ಕಡೆ ತಿರುಗಿದಳು.

"ಬರೀ ಪದ್ಧತಿಗೆ ಪುಟ್ಟಿ," ಅಂದರು ಸಾಹೇಬರು. "ನಿಮ್ಮಪ್ಪ ಕುಡಿದಿಲ್ಲ ಅಂತ ನಮಗೆಲ್ಲ ಗೊತ್ತು. ಕುಡಿದಿದ್ದೀನಿ ಅಂತ ಬರೆದುಕೊಟ್ರೆ ಸಾಕು."

ನಿಜ ಹೇಳುತ್ತೇನೆ, ಅವಳು ಅಲ್ಲಿರದಿದ್ದರೆ ಸಹಿ ಹಾಕಿಬಿಡುತ್ತಿದ್ದೆ. ಪೆನ್ನಿನ ಮುಚ್ಚಳ ತೆಗೆದೂ ಆಗಿತ್ತು. ಕಿಟಕಿಯ ಕುರ್ಚಿಯ ಮೇಲೆ ಬಿಸಿಲು ಬಿದ್ದಿತ್ತು, ಇಪ್ಪತ್ತೆರಡು ವರ್ಷದಿಂದ ನಾನು ದೂರದಿಂದ ನೋಡಿದ ಬಿಸಿಲು ಅದು. ಮುಚ್ಚಳ ಮತ್ತೆ ಹಾಕಿದೆ.

"ಕುಡಿದವನು ನಾನಲ್ಲ ಸಾರ್. ಬೆಕ್ಕು."

ಹದಿನೈದನೇ ಕುರ್ಚಿಯವರು ಆಸೆಯಿಂದ ಎದ್ದು ನಿಂತರು. ಆದರೆ ತಮ್ಮ ಲೋಟವನ್ನೂ ಅದೇ ಬೂದು ಬೆಕ್ಕಿಗೆ ಒಪ್ಪಿಸಿದ್ದು ನೆನಪಾಗಿ ಕೂತರು. ಸಾಹೇಬರು ನಿಯಮ ಪುಸ್ತಕ ತಿರುವಿದರು. ಖಾಲಿ ಮಾಡಿದವರಿಗೆ ಬಡ್ತಿ ಎಂದಿತ್ತು. ಖಾಲಿ ಮಾಡಿದ್ದು ಯಾರೆಂಬುದು ಈಗ ಎಲ್ಲರೆದುರು ದಾಖಲಾಗಿತ್ತು.

ಟ್ರೇ ಅಣ್ಣ ಬೂದು ಬೆಕ್ಕನ್ನು ಎತ್ತಿಕೊಂಡು ಬಂದ. ಅದರ ಮುಂಗಾಲನ್ನು ಮೊಹರಿನ ಶಾಯಿಗೆ ಒತ್ತಿ ಕಾಗದದ ಮೇಲಿಟ್ಟರು. ಸಾಹೇಬರು ಕನ್ನಡಕ ಏರಿಸಿ ನೋಡಿ, "ಸಹಿ ಸ್ಪಷ್ಟವಾಗಿದೆ," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಕ್ಕು ಕಿಟಕಿಯ ಕುರ್ಚಿಯ ಮೇಲೆ ಹಾರಿ, ಬಿಸಿಲಿಗೆ ಹೊಟ್ಟೆ ಕೊಟ್ಟು ಮಲಗಿತು. ಕೂರುವ ಭಂಗಿ ಹಿಂದಿನವರದೇ ಎಂದು ಹಲವರು ಮೆಚ್ಚಿದರು.

ನನ್ನ ಮೂರು ತಿಂಗಳು ಮತ್ತೆ ಗೈರಾಯಿತು. ಹದಿನಾಲ್ಕನೇ ಕುರ್ಚಿಗೆ ಬಿಳಿ ಬೆಕ್ಕನ್ನು ಹಾಕಿದರು. ಆದರೂ ಕೆಲಸ ತಿಳಿದವರು ಒಬ್ಬರಾದರೂ ಇರಬೇಕೆಂದು ನನ್ನನ್ನು 'ನಿತ್ಯ ಸಂದರ್ಶಕ' ಎಂದು ಕರೆದು ಮುಂದುವರಿಸಿದರು.

ಮನೆಗೆ ಹೋಗುವಾಗ ಮಗಳು ನನ್ನ ಕೈ ಹಿಡಿದುಕೊಂಡು ನಡೆದಳು. ಹಿಡಿಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಅಡುಗೆಮನೆಯಲ್ಲಿ ನೂರನೇ ಗುರುತು ಹಾಕಿದಳು. ಹೆಂಡತಿ ಎಲ್ಲ ಕೇಳಿ, "ಬೆಕ್ಕಿಗಾದ್ರೂ ಬಡ್ತಿ ಆಯ್ತಲ್ಲ," ಎಂದು ಕಪ್ಪು ಚಹಾ ಕೊಟ್ಟಳು. ಅವಳ ಲೋಟದಲ್ಲೂ ಕಪ್ಪು ಚಹಾವೇ ಇತ್ತು. ಯಾವತ್ತಿನಿಂದ ಎಂದು ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಕಚೇರಿ ತಲುಪಿದೆ, ಸೂಪರಿಂಟೆಂಡೆಂಟರಿಗೆ ನಮಸ್ಕರಿಸಿದೆ, ಬಂದ ಕಾಗದಗಳನ್ನು ಜೋಡಿಸಿಟ್ಟುಕೊಂಡು ಎಂದಿನಂತೆ ಗೈರುಹಾಜರಾದೆ.