ನಾಗಭೂಷಣರ ಬಲಗಿವಿ

ಐದು ವರ್ಷದ ಮೊಮ್ಮಗಳು ಕೃತಿಕಾ ಅಕ್ಕಸಾಲಿಯ ಅಂಗಡಿಯಲ್ಲಿ ನೆಲಕ್ಕೆ ಕೂತು, "ಮೊದ್ಲು ಅಜ್ಜಗೆ ಚುಚ್ರಿ, ಆಮೇಲೆ ನನಗೆ" ಎಂದು ಹಟ ಹಿಡಿದದ್ದೇ ಎಲ್ಲಕ್ಕೂ ಮೂಲ. ನಾಗಭೂಷಣರು ದಾವಣಗೆರೆಯಲ್ಲಿ ಬಟ್ಟೆ ವ್ಯಾಪಾರಿ. ಗಿರಾಕಿಗಳ ಯಾವ ಚೌಕಾಸಿಗೂ ಜಗ್ಗದ ಆಸಾಮಿ, ಮೊಮ್ಮಗಳ ಕಣ್ಣೀರಿಗೆ ಮಾತ್ರ ತೆಪ್ಪಗೆ ಬಲಗಿವಿ ಒಡ್ಡಿದರು. ಚಿನ್ನದ ಒಂಟಿಯೊಂದು ಅಲ್ಲಿ ಮಿಂಚತೊಡಗಿತು.

"ಉಪ್ಪುನೀರು ಕುದಿಸಿ, ಆರಿಸಿ, ಎರಡು ಹೊತ್ತು ತೊಳ್ಕೊಳ್ರಿ, ಸಾಕು. ಬ್ಯಾರೆ ಏನೂ ಹಚ್ಚಬ್ಯಾಡ್ರಿ. ಒಂಟಿ ತಿರುವಬ್ಯಾಡ್ರಿ, ತೆಗೀಬ್ಯಾಡ್ರಿ. ಯಾರಿಗೂ ಮುಟ್ಟಾಕ ಬಿಡಬ್ಯಾಡ್ರಿ" ಎಂದ ಅಕ್ಕಸಾಲಿ. ಪಾಪ, ಅವನು ನಾಗಭೂಷಣರ ಬಡಾವಣೆ ಸರಸ್ವತಿ ನಗರದಲ್ಲಿ ವಾಸ ಮಾಡಿದವನಲ್ಲ.

ಭಾನುವಾರ ಬೆಳಿಗ್ಗೆ ನಾಗಭೂಷಣರು ಅಂಗಳದಲ್ಲಿ ನಿಂತು ಹತ್ತಿಯಿಂದ ಕಿವಿಗೆ ಉಪ್ಪುನೀರು ಒತ್ತಿಕೊಳ್ಳುತ್ತಿದ್ದಾಗ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಉಡಚಮ್ಮನ ತಲೆ ಮೇಲೆದ್ದಿತು.

"ಅಯ್ಯ, ಬರೇ ನೀರು ಹಚ್ತಾರೇನ್ರಿ? ನಾನು ನಾಲ್ಕು ಹೆಣ್ಮಕ್ಕಳ ಕಿವಿ ಮಾಯಿಸ್ದಾಕಿ!"

ಬೇಡವೆನ್ನುವಷ್ಟರಲ್ಲಿ ಆಕೆ ಅರಿಶಿಣ ಕಲಸಿದ ಹರಳೆಣ್ಣೆಯೊಂದಿಗೆ ಗೇಟು ದಾಟಿದ್ದಳು. ಕಿವಿಗೆ ಮೆತ್ತಿದಳು. ಒಳಗೆ ಇಳಿಯಲಿ ಎಂದು ಒಂಟಿಯನ್ನು ರೇಡಿಯೋದ ಗುಬಟಿಯಂತೆ ಗರಗರ ತಿರುವಿದಳು. ನಾಗಭೂಷಣರ ಕೂಗು ಕೇಳಿ ಮಹಡಿ ಮೇಲಿನ ಬಾಡಿಗೆದಾರ ಭರಮಣ್ಣ ಇಳಿದು ಬಂದ.

"ಅರಿಶಿಣ ಹಚ್ಚಿದ್ರಾ? ಕೆಲ್ಸ ಕೆಡ್ತು ಬಿಡ್ರಿ!" ಎನ್ನುತ್ತ ಅವನು ಸ್ಕೂಟರ್ ಒರೆಸುವ ಬಟ್ಟೆಯಿಂದಲೇ ಕಿವಿಯನ್ನು ಉಜ್ಜಿ, ತನ್ನ ಮೊಣಕಾಲು ನೋವಿನ ಮುಲಾಮನ್ನು ಧಾರಾಳವಾಗಿ ಬಳಿದ. ನಾಗಭೂಷಣರು ತುಳಸಿಕಟ್ಟೆಗೆ ಎರಡು ಸುತ್ತು ಓಡಿದರು. ನಿಂತಾಗ ಕಿವಿ ಮಂಡಕ್ಕಿಯ ಜೊತೆಗೆ ಕೊಡುವ ಮೆಣಸಿನಕಾಯಿ ಬಜ್ಜಿಯಷ್ಟು ದಪ್ಪಗೆ, ಅಷ್ಟೇ ಖಾರವಾಗಿ ಉಬ್ಬಿತ್ತು.

ಹೊರಬಂದ ಹೆಂಡತಿ ಕಸ್ತೂರಮ್ಮ ಹಣೆ ಚಚ್ಚಿಕೊಂಡಳು. ಕಿರಿಮಗ ಪ್ರಶಾಂತನ ಸಂಬಂಧದ ಮಾತಿಗೆ ಅವತ್ತೇ ಹರಿಹರಕ್ಕೆ ಹೋಗಬೇಕಿತ್ತು. ಹುಡುಗಿ ರಶ್ಮಿತಾಳೂ ಪ್ರಶಾಂತನೂ ಆಗಲೇ ಒಬ್ಬರನ್ನೊಬ್ಬರು ಒಪ್ಪಿಯಾಗಿತ್ತು. ಹಿರಿಯರು ಹೂಂ ಅನ್ನುವುದೊಂದೇ ಬಾಕಿ.

"ಅಪ್ಪಾ, ಇವತ್ತು ಹೋಗ್ಲಿಲ್ಲಂದ್ರೆ ಅವರು ರಾಣೇಬೆನ್ನೂರಿನೋರಿಗೆ ಹೂಂ ಅಂತಾರೆ" ಎಂದ ಪ್ರಶಾಂತ, ಅಳುವುದೊಂದು ಬಾಕಿ.

"ಈ ವಯಸ್ಸಿಗೆ ಹೊಸಾ ಒಂಟಿ ಹಾಕ್ಕೊಂಡು ಹೋದ್ರೆ ಮದ್ವೆ ಗಂಡು ಯಾರು ಅಂತ ಕೇಳ್ತಾರೆ. ತೆಗೀರಿ ಅದನ್ನ" ಎಂದಳು ಕಸ್ತೂರಮ್ಮ.

"ಅಜ್ಜ ತೆಗೆದ್ರೆ ನಾನೂ ತೆಗೀತೀನಿ" ಎಂದಳು ಕೃತಿಕಾ, ಬಾಗಿಲಲ್ಲಿ ನಿಂತು.

ಹಾಗಾಗಿ ಪಟ್ಟಿ ಕಟ್ಟುವುದೆಂದಾಯಿತು. ಒಂದು ಕಿವಿಗೆ ಕಟ್ಟಿದ ಪಟ್ಟಿ ಜಾರುತ್ತಿದ್ದುದರಿಂದ ಕಸ್ತೂರಮ್ಮ ಗದ್ದದಿಂದ ನೆತ್ತಿಯವರೆಗೆ ಎರಡೂ ಕಿವಿ ಮುಚ್ಚಿ ಸುತ್ತಿದಳು. ಅಂಗಡಿಯಲ್ಲಿ ಸಾವಿರಾರು ಸೀರೆ ಕಟ್ಟಿಕೊಟ್ಟಿದ್ದ ನಾಗಭೂಷಣರು ತಾವೇ ಒಂದು ಪಾರ್ಸಲ್ ಆಗಿ ಕಾರು ಹತ್ತಿದರು.

ಹರಿಹರದಲ್ಲಿ ಹುಡುಗಿಯ ತಂದೆ ನಾಗರಾಜಪ್ಪನವರದು ಅಕ್ಕಿ ಗಿರಣಿ. ಗಿರಣಿಯ ಸದ್ದಿಗೆ ಅವರ ಕಿವಿ ಮಂದವಾಗಿದೆಯೆಂದು ನಾಗಭೂಷಣರು ಮೊದಲೇ ಕೇಳಿದ್ದರು. ಕಿವಿಯಲ್ಲಿ ಮಷೀನು, ಮುಖದಲ್ಲಿ ಬುದ್ಧನ ನಗು. ಮನೆಯ ಮಾತೆಲ್ಲ ಅವರ ಹೆಂಡತಿಯದೇ.

"ನಿಮ್ಮ ಕಡೆ ಮಳೆ ಆತೇನ್ರಿ?" ಎಂದರು ಆಕೆ.

ಪಟ್ಟಿಯೊಳಗಿನ ಕಿವಿಗೆ 'ಮದ್ವೆ ಆತೇನ್ರಿ' ಎಂದು ಕೇಳಿಸಿತು. "ಆತ್ರಿ, ಮೂವತ್ತು ವರ್ಷದ ಮ್ಯಾಲಾತು" ಎಂದರು ನಾಗಭೂಷಣರು, ಸಂಕೋಚದಿಂದ.

ಎಲ್ಲರೂ ಮುಖ ಮುಖ ನೋಡಿಕೊಂಡರು. ಒಂಟಿಯ ಸುದ್ದಿ ಎತ್ತಲಾರದೆ ಕಸ್ತೂರಮ್ಮ ಗಡಿಬಿಡಿಯಲ್ಲಿ, "ಇವ್ರಿಗೆ ಕಿವಿ ಕೇಳಾದಿಲ್ರಿ. ಔಷಧಿ ಹಾಕಿ ಕಟ್ಟೀವಿ" ಎಂದುಬಿಟ್ಟಳು. ಹುಡುಗಿ ತೋರಿಸುವ ಸೀರೆ ನೋಡಲು ಪ್ರಶಾಂತನನ್ನೂ ಕರೆದುಕೊಂಡು ಒಳಗೆ ಹೋಗಿಯೂ ಬಿಟ್ಟಳು.

ಸೆಕೆಗೆ ಬೆವರು ಇಳಿಯಿತು, ಪಟ್ಟಿ ಎಡಗಿವಿಯಿಂದ ಮೆಲ್ಲಗೆ ಜಾರಿತು. ಲೋಕವೆಲ್ಲ ಒಮ್ಮೆಲೇ ನಿಚ್ಚಳವಾಗಿ ಕೇಳತೊಡಗಿತು. ಅದರಲ್ಲಿ ಮೊದಲು ಕೇಳಿಸಿದ್ದು ಹುಡುಗಿಯ ತಾಯಿ ತನ್ನ ತಂಗಿಗೆ ಹೇಳುತ್ತಿದ್ದ ಮಾತು:

"ಹೊಟ್ಟೆ ನೋಡೇ ಆಯಪ್ಪಂದು, ನಮ್ಮ ಗಿರಣಿ ಚೀಲ ಇದ್ದಂಗೈತೆ."

ನಾಗಭೂಷಣರು ಗೋಡೆಯ ಗಡಿಯಾರ ನೋಡುತ್ತ ಕೂತರು.

"ಆದ್ರೂ ಈ ಸಂಬಂಧಾನೇ ಗಟ್ಟಿ. ರಾಣೇಬೆನ್ನೂರಿನ ಮಾವನ ಕಿವಿ ಹಾವಿನ ಕಿವಿ ಅಂತೆ. ಈಯಪ್ಪ ಕಿವುಡ, ರಶ್ಮಿತಾ ಹಾಯಾಗಿ ನನ್ ಜೊತೆ ಫೋನ್‌ನಾಗ ಮಾತಾಡ್ಬಹುದು. ನಿಮ್ಮ ಭಾವಗೆ ಕಿವಿ ಹೋದ ಮ್ಯಾಲೆ ನಮ್ಮನೆ ಎಷ್ಟು ನೆಮ್ಮದಿಯಾಗೈತೆ ನೋಡು!"

ಹೊರಗೆ ಬಂದ ಕಸ್ತೂರಮ್ಮನಿಗೆ ಆಕೆ ಹೂಂ ಅಂದರು. ಪ್ರಶಾಂತನ ಮುಖ ಅರಳಿತು, ಪೇಡೆ ಬಂತು. ನಾಗಭೂಷಣರು ಮಾತ್ರ ಪೇಡೆಯನ್ನು ತಟ್ಟೆಗೇ ವಾಪಸ್ ಇಟ್ಟರು. ಸುಳ್ಳಿನ ಮೇಲೆ ಬೀಗತನ ಕಟ್ಟುವುದು ಅವರಿಗೆ ಒಗ್ಗುವ ವ್ಯವಹಾರವಾಗಿರಲಿಲ್ಲ. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದರು. ನಾಗರಾಜಪ್ಪನವರು ಚೊಂಬು ಹಿಡಿದು ಹಿಂದೆಯೇ ಬಂದರು. ನಾಗಭೂಷಣರು ಅವರ ಮಷೀನಿನ ಹತ್ತಿರ ಬಾಯಿಟ್ಟು ಕಿರುಚಿದರು:

"ಬೀಗ್ರೇ! ನನಗೆ ಕಿವಿ ಚೆನ್ನಾಗೇ ಕೇಳ್ತೈತೆ!"

ನಾಗರಾಜಪ್ಪನವರು ಬೆಚ್ಚಿ ಅವರ ಬಾಯಿಗೆ ಕೈ ಅಡ್ಡ ಹಿಡಿದರು. "ಮೆಲ್ಲಕ ಮಾತಾಡ್ರಿ ಮಾರಾಯ್ರೇ. ನನಗೂ ಕೇಳ್ತೈತೆ."

ನಾಗಭೂಷಣರು ಕಣ್ಣು ಕಣ್ಣು ಬಿಟ್ಟರು. ನಾಗರಾಜಪ್ಪನವರು ಮಷೀನು ಬಿಚ್ಚಿ ತೋರಿಸಿದರು. ಒಳಗೆ ಸೆಲ್ ಇರಲಿಲ್ಲ.

"ಒಂದಿನ ತಮಾಷೆಗೆ ಕೇಳ್ಸಾದಿಲ್ಲ ಅಂದೆ. ಮನೆ ತಣ್ಣಗಾತು. ಆಮ್ಯಾಲೆ ಬಿಡಾಕ ಮನಸ್ಸಾಗ್ಲಿಲ್ಲ. ನಮ್ಮಾಕಿ ಹೊಟ್ಟೆ ಸುದ್ದಿ ಎತ್ತಿದಾಗ ನೀವು ಹೊಟ್ಟೆ ಒಳಗೆ ಎಳ್ಕೊಂಡ್ರಲ್ಲ, ಆವಾಗ್ಲೇ ಗೊತ್ತಾತು. ಅಂಥಾ ತಪ್ಪು ಮಾಡಬಾರ್ದು. ಇನ್ನಷ್ಟು ಮುಂದಕ್ಕೆ ಬಿಡಬೇಕು."

"ಆದ್ರೆ ಬೀಗ್ರೇ, ಇದು ಬರೇ ಒಂಟಿ ಗಾಯ" ಎಂದು ನಾಗಭೂಷಣರು ಪಟ್ಟಿ ಎತ್ತಿ ತೋರಿಸಿದರು.

ನಾಗರಾಜಪ್ಪನವರು ಬಗ್ಗಿ ನೋಡಿದರು. "ಉಪ್ಪುನೀರು ಹಚ್ರಿ, ಮಾಯ್ತೈತೆ. ಕಿವುಡು ಮಾತ್ರ ಮಾಯಬಾರ್ದು. ನಿಮ್ಮದು ಬಯಲಾದ್ರೆ ನಾಳೆ ನಮ್ಮಾಕಿ ನನ್ನ ಮಷೀನೂ ಬಿಚ್ಚಿ ನೋಡ್ತಾಳೆ. ಮದ್ವೇನೂ ಹೋತು, ನನ್ನ ನೆಮ್ಮದೀನೂ ಹೋತು."

"ಎಲ್ಲೀ ತನಕ ಹಿಂಗಿರೋದ್ರಿ?"

ನಾಗರಾಜಪ್ಪನವರು ಆಕಾಶದ ಕಡೆ ಬೆರಳು ತೋರಿಸಿದರು, ಅಷ್ಟೇ.

"ಬೀಗ್ರೇ, ಹೋಳಿಗೆ ಆರ್ತೈತೆ, ಊಟಕ್ಕೆ ಬರ್ರೀ!" ಅಡಿಗೆಮನೆಯ ಬಾಗಿಲಿಂದ ಹುಡುಗಿಯ ತಾಯಿಯ ಕೂಗು ಬಂತು. ಬೆಳಗಿನಿಂದ ಹೊಟ್ಟೆಗೆ ಏನೂ ಕಾಣದ ನಾಗಭೂಷಣರು ತಟ್ಟನೆ ತಿರುಗಹೊರಟರು. ನಾಗರಾಜಪ್ಪನವರು ಅವರ ತೋಳು ಗಟ್ಟಿಯಾಗಿ ಚಿವುಟಿದರು.

"ತಿರುಗಬ್ಯಾಡ್ರಿ" ಎಂದು ತುಟಿ ಅಲುಗಿಸದೆ ಪಿಸುಗುಟ್ಟಿದರು. "ಮೂರನೇ ಸಲ ಕರೆದಾಗ ತಿರುಗಬೇಕು."