ಒಂದೇ ಕಾರ್ಡು, ಐದು ಸೀಲು

ಹೊಸದುರ್ಗದ ಖಾಸಗಿ ಬಸ್ ನಿಲ್ದಾಣದ ಟೈಂ ಕೀಪರ್ ಪರಮೇಶ್ವರಪ್ಪನಿಗೆ ಆ ಕಾರ್ಡು ಕೈಗೆ ಬಂದ ದಿನ ಊಟವೇ ಸೇರಲಿಲ್ಲ. ಅಂಗೈ ಅಗಲದ ಕಾರ್ಡು. ಮುಂದೆ ಚಿತ್ರದುರ್ಗದ ಕೋಟೆಯ ಚಿತ್ರ, ಹಿಂದೆ ಐದು ಖಾಲಿ ಚೌಕ. ಟ್ರಾವೆಲ್ಸ್ ನಡೆಸುವ ಗೆಳೆಯ ಮಾರುತೇಶ ಹೊಸದಾಗಿ ಹೊರಡಿಸಿದ ‘ದುರ್ಗ ಸಂಚಾರ ಕಾರ್ಡು’ ಅದು. ಮೂವರಿಗೆ ಸೇರಿ ಒಂದು ಕಾರ್ಡು, ಒಂದೇ ದಿನ, ಐದು ತಾಣ: ಕೋಟೆ, ಚಂದ್ರವಳ್ಳಿ, ವಸ್ತು ಸಂಗ್ರಹಾಲಯ, ಆಡುಮಲ್ಲೇಶ್ವರದ ಮೃಗಾಲಯ, ಕೊನೆಗೆ ಜೋಗಿಮಟ್ಟಿ. ಪ್ರತಿ ಬಾಗಿಲಲ್ಲೂ ಕಾರ್ಡು ತೋರಿಸಿ ಒಂದು ಚೌಕಕ್ಕೆ ಸೀಲು ಹಾಕಿಸಿಕೊಳ್ಳಬೇಕು. ಸಂಜೆ ಐದೂವರೆ ದಾಟಿತೋ, ಕಾರ್ಡು ಬರೀ ರಟ್ಟು.

ಅದನ್ನು ಅವನು ತಂದದ್ದು ಹೆಂಡತಿ ಯಶೋಧಾಳ ಬಾಯಿ ಮುಚ್ಚಿಸುವುದಕ್ಕೆ. ಮದುವೆಯಾಗಿ ಇಪ್ಪತ್ತಾರು ವರ್ಷಗಳಿಂದ ಅವಳದು ಒಂದೇ ದೂರು.

“ದುರ್ಗಕ್ಕೆ ನೂರು ಸಲ ಕರ್ಕೊಂಡು ಹೋಗೀರಿ. ಹಲ್ಲು ಕೀಳ್ಸಾಕೆ ಹೋಗೀವಿ, ಕೋರ್ಟಿಗೆ ಹೋಗೀವಿ, ಕಂಡೋರ ಮದುವಿಗೆ ಹೋಗೀವಿ. ಒಂದಿನಾನಾದ್ರೂ ಕೋಟೆ ಮೆಟ್ಲು ತುಳಿಸೀರಾ? ಬಸ್ಸಿನ ಕಿಟಕ್ಯಾಗಿಂದ ಬಂಡೆ ನೋಡಿದ್ದೇ ಬಂತು!”

“ಈ ಸಲ ಕೋಟೆ ಒಂದೇ ಅಲ್ಲ ಕಣೇ, ಐದೂ ತೋರಿಸ್ತೀನಿ,” ಎಂದು ಪರಮೇಶ್ವರಪ್ಪ ಕಾರ್ಡನ್ನು ಎತ್ತಿ ಹಿಡಿದ.

ಮೂರನೆಯವಳಾಗಿ ಅಕ್ಕ ಚಂದ್ರಕ್ಕನನ್ನು ಕರೆಯುವುದೆಂದು ಇಬ್ಬರೂ ಒಪ್ಪಿದರು. (ಅವರಿಬ್ಬರೂ ಜಗಳವಿಲ್ಲದೆ ಒಪ್ಪಿದ ವಿಷಯಗಳಲ್ಲಿ ಇದು ಎರಡನೆಯದು, ಮೊದಲನೆಯದು ಯಾವುದೆಂದು ಇಬ್ಬರಿಗೂ ನೆನಪಿಲ್ಲ.) ತಾಯಿ ತೀರಿಕೊಂಡಾಗ ಪರಮೇಶ್ವರಪ್ಪನಿಗೆ ನಾಲ್ಕು ವರ್ಷ. ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಚಂದ್ರಕ್ಕ. ಈಗ ಅರವತ್ತೆಂಟರ ವಿಧವೆ, ತಾಳ್ಯದಲ್ಲಿ ಒಂದು ಎಮ್ಮೆ ಕಟ್ಟಿಕೊಂಡು ಒಬ್ಬಳೇ ಗಟ್ಟಿಯಾಗಿದ್ದಾಳೆ. ಅವಳೂ ಕೋಟೆ ಹತ್ತಿದವಳಲ್ಲ.

ಮೂರು ರಾತ್ರಿ ಕೂತು ಪರಮೇಶ್ವರಪ್ಪ ವೇಳಾಪಟ್ಟಿ ಸಿದ್ಧಪಡಿಸಿದ. ಬಸ್ಸುಗಳನ್ನು ಸೀಟಿ ಊದಿ ಓಡಿಸುವವನು ಮನುಷ್ಯರನ್ನು ಬಿಡುತ್ತಾನೆಯೇ? ಒಂಟಿಕಲ್ಲು ಬಸವಣ್ಣ, ನಾಲ್ಕು ನಿಮಿಷ. ಏಕನಾಥೇಶ್ವರಿ, ಆರು ನಿಮಿಷ (ಮಂಗಳಾರತಿ ಇದ್ದರೆ ಎಂಟು). ನೀರು ಕುಡಿಯುವುದು, ಎರಡು ನಿಮಿಷ. ‘ಇತರೆ’, ಮೂರು ನಿಮಿಷ.

“ಇತರೆ ಅಂದ್ರೇನ್ರಿ?” ಯಶೋಧಾ ಕೇಳಿದಳು.

“ಹಂಗೇನಾದ್ರೂ ಹೋಗ್ಬೇಕು ಅನ್ಸಿದ್ರೆ...”

“ಮೂರು ಜನಕ್ಕೆ ಮೂರು ನಿಮಿಷನಾ?”

ಪರಮೇಶ್ವರಪ್ಪ ಪೆನ್ನು ತೆಗೆದು ಮೂರನ್ನು ನಾಲ್ಕು ಮಾಡಿದ.

ಶನಿವಾರ ಬೆಳಗಿನ ಬಸ್ಸಿಗೆ ಗಂಡ ಹೆಂಡತಿ ಹೊಸದುರ್ಗದಲ್ಲಿ ಹತ್ತಿದರು, ಚಂದ್ರಕ್ಕ ಹೊಳಲ್ಕೆರೆಯಲ್ಲಿ ಬುತ್ತಿ ಗಂಟಿನೊಂದಿಗೆ ಹತ್ತಿದಳು. ತನ್ನ ಫೋನನ್ನು ಚಾರ್ಜಿಗೆ ಹಾಕಿ ತಾಳ್ಯದ ಮನೆಯಲ್ಲೇ ಮರೆತು ಬಂದಿದ್ದಳು. ಯಶೋಧಾಳ ಬ್ಯಾಗಿನ ಜಿಪ್ಪು ಕೆಟ್ಟಿತ್ತು, ಪರಮೇಶ್ವರಪ್ಪನ ಜೇಬು ಆಳವಿರಲಿಲ್ಲ. ಹಾಗಾಗಿ ಕಾರ್ಡನ್ನೂ ವೇಳಾಪಟ್ಟಿಯ ಒಂದು ಪ್ರತಿಯನ್ನೂ ಅಕ್ಕನ ಎಲೆಅಡಿಕೆ ಸಂಚಿಯೊಳಗೆ ಇಡಿಸಿದ.

ದುರ್ಗದಲ್ಲಿ ಇಡೀ ದಿನಕ್ಕೆ ಒಂದು ಆಟೋ ಗೊತ್ತುಮಾಡಿದ್ದಾಯಿತು. ಚಾಲಕ ಮುರುಗೇಶ್, “ನೀವು ನೋಡ್ಕಂಡು ಬರ್ರಿ ಸಾರ್, ನಾನು ಇಲ್ಲೇ ಗೇಟಿನ ಹತ್ರ ಇರ್ತೀನಿ,” ಎಂದ. ಇಲ್ಲೇ ಇರುವವನ ಫೋನ್ ನಂಬರು ಯಾಕೆಂದು ಪರಮೇಶ್ವರಪ್ಪ ಅದನ್ನು ಬರೆದುಕೊಳ್ಳಲಿಲ್ಲ.

ಕೋಟೆಯ ಬಾಗಿಲಲ್ಲಿ ಮೊದಲ ಸೀಲು ಬಿತ್ತು. ಒಂಬತ್ತು ಗಂಟೆ ಹನ್ನೆರಡು ನಿಮಿಷ. ಆಗಲೇ ಏಳು ನಿಮಿಷ ತಡ.

“ಕೇಳ್ರಿ ಇಲ್ಲಿ,” ಎಂದು ಪರಮೇಶ್ವರಪ್ಪ ಬಾಗಿಲಲ್ಲೇ ರಾಜಾಜ್ಞೆ ಹೊರಡಿಸಿದ, “ಹತ್ತೂ ಮುಕ್ಕಾಲಿಗೆ ಈ ಗೇಟು ಬಿಡೋದೇ. ಯಾರಿಗೂ ಕಾಯಂಗಿಲ್ಲ. ಹಿಂದೆ ಉಳಿದೋರು ಉಳಿದಂಗೆ!”

“ನಂಗೂ ಸೇರಿಸೇ ಹೇಳಿದ್ಯೇನೋ ಪರಮೇಶಿ?” ಚಂದ್ರಕ್ಕ ಕೇಳಿದಳು.

“ಎಲ್ರಿಗೂ ಅಕ್ಕ. ಟೈಮು ಅಂದ್ರೆ ಟೈಮು.”

ಮೇಲೆ ಹತ್ತುವಾಗ ಚಂದ್ರಕ್ಕ ಪ್ರತಿ ಬಂಡೆಯ ಮುಂದೆಯೂ ನಿಂತಳು, ಕಲ್ಲಿಗೆ ಕೈ ಸವರಿದಳು, ಯಾರೋ ಗೈಡ್ ಬೇರೆಯವರಿಗೆ ಹೇಳುತ್ತಿದ್ದ ಕಥೆಗೆ ಕಿವಿ ಕೊಟ್ಟಳು. ಪರಮೇಶ್ವರಪ್ಪ ಹತ್ತು ಮೆಟ್ಟಿಲು ಮುಂದೆ ನಿಂತು ಚಪ್ಪಾಳೆ ತಟ್ಟಿ ಕರೆಯುತ್ತಿದ್ದ. ಓಬವ್ವನ ಕಿಂಡಿಯ ಕಡೆ ತಿರುಗುವಾಗ ಚಂದ್ರಕ್ಕ ಒಂದು ಬಂಡೆಯ ನೆರಳಿಗೆ ಕೂತುಬಿಟ್ಟಳು. “ನನ್ ಕೈಲಾಗಲ್ಲ. ನೀವು ನೋಡ್ಕಂಡು ಬರ್ರಿ. ನಾನಿಲ್ಲೇ ಕುಂತಿರ್ತೀನಿ.”

“ಐದೇ ನಿಮಿಷ ಅಕ್ಕ,” ಎಂದು ಪರಮೇಶ್ವರಪ್ಪ ಓಡಿದ.

ಐದು ನಿಮಿಷ ನಲವತ್ತಾಯಿತು. ಕಾರಣವನ್ನು ಅವನು ಇಂದಿಗೂ ನಿಲ್ದಾಣದಲ್ಲಿ ಯಾರಿಗೂ ಹೇಳಿಲ್ಲ. ಕಿಂಡಿಯನ್ನು ಹೊರಗಿನಿಂದ ನೋಡಿದರೆ ಸಾಲದು, ಶತ್ರುಸೈನಿಕನಂತೆ ತೂರಿ ಬರಬೇಕೆಂದು ಅವನಿಗೆ ಹುಮ್ಮಸ್ಸು ಬಂತು. ತಲೆ ಹೋಯಿತು, ಭುಜ ಹೋಯಿತು, ಇಪ್ಪತ್ತಾರು ವರ್ಷ ಯಶೋಧಾಳ ಕೈ ಅಡುಗೆ ಉಂಡ ಹೊಟ್ಟೆ ಮಾತ್ರ ಹೋಗಲಿಲ್ಲ. ಹಿಂದಕ್ಕೂ ಬರಲಿಲ್ಲ. ಕೊಪ್ಪಳದಿಂದ ಬಂದಿದ್ದ ಕಾಲೇಜು ಹುಡುಗಿಯರು ಈ ಕಡೆಯಿಂದ ಕೈ ಹಿಡಿದು ಜಗ್ಗಿದರು, ಆ ಕಡೆಯಿಂದ ಯಶೋಧಾ ಕಾಲು ಹಿಡಿದು ಜಗ್ಗಿದಳು. ಎರಡೂ ಪಕ್ಷದವರು ವಿರುದ್ಧ ದಿಕ್ಕಿಗೆ ಎಳೆಯುತ್ತಿದ್ದಾರೆಂದು ಗೊತ್ತಾಗುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು, ಅಂಗಿಯ ಎರಡು ಗುಂಡಿ ಕೋಟೆಗೆ ಕಾಣಿಕೆಯಾಗಿದ್ದವು.

ವಾಪಸು ಓಡಿ ಬಂದರೆ ಬಂಡೆಯ ನೆರಳು ಖಾಲಿ.

“ಅಕ್ಕಾ!” ಎಂದು ಕೂಗಿದ. ಬಂಡೆಗಳು ಅವನ ದನಿಯನ್ನೇ ಹಿಂದಕ್ಕೆ ಕೊಟ್ಟವು.

ಗೇಟಿಗೆ ಇಳಿದು ನೋಡಿದರು. ಅಕ್ಕ ಇಲ್ಲ. ಮುರುಗೇಶನ ಆಟೋ ಕೂಡ ಇಲ್ಲ. “ನೋಡ್ದ್ಯಾ, ಬೇರೆ ಬಾಡಿಗೆ ಸಿಕ್ತು ಅಂತ ಕೈಕೊಟ್ಟು ಹೋದ,” ಎಂದು ಪರಮೇಶ್ವರಪ್ಪ ಹಲ್ಲು ಕಡಿದ.

“ರೀ, ಅಕ್ಕಾರು ಚಂದ್ರವಳ್ಳಿಗೆ ಏನಾದ್ರೂ ಹೋಗಿರ್ಬೌದಾ?”

“ನಿಂಗೇನು ಬುದ್ಧಿ ಐತಾ? ಅಕ್ಕ ತಾಳ್ಯದಾಗೆ ಬಸ್ ಸ್ಟ್ಯಾಂಡಿಂದ ಮನಿಗೆ ಬರಾಕೂ ನಾಲ್ಕು ಜನರನ್ನ ಮಾತಾಡಿಸ್ಕೊಂಡು ಬರ್ತಾಳೆ. ಚಂದ್ರವಳ್ಳಿಗೆ ಒಬ್ಳೇ ಹೋಗ್ತಾಳಾ?”

ಕಡಲೆಕಾಯಿ ಮಾರುವವಳೊಬ್ಬಳು, ಯಾರೋ ಅಜ್ಜಿ ಒಬ್ಬರೇ ಗೋಪಾಲಸ್ವಾಮಿ ಹೊಂಡದ ಕಡೆ ಹೋಗಿದ್ದನ್ನು ನೋಡಿದೆ ಎಂದಳು. ಇಬ್ಬರೂ ಮತ್ತೆ ಹತ್ತಿದರು. ಬಿಸಿಲು ನೆತ್ತಿಗೆ ಬಂದಿತ್ತು, ಬಂಡೆಗಳು ಕಾದ ಹೆಂಚಿನಂತಾಗಿದ್ದವು. ಬುತ್ತಿಯೂ ಅಕ್ಕನ ಹತ್ತಿರವೇ ಇತ್ತು. ಅರ್ಧ ದಾರಿಯಲ್ಲಿ ಪರಮೇಶ್ವರಪ್ಪ ಥಟ್ಟನೆ ನಿಂತ.

“ಲೇ, ಕಾರ್ಡೂ ಅವಳ ಹತ್ರಾನೇ ಐತಲ್ಲೇ!”

ಯಶೋಧಾ ಅವನನ್ನು ಸುಮ್ಮನೆ ನೋಡಿದಳು. ಆ ನೋಟಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗನ್ನಿಸಿತು.

ಹೊಂಡದ ದಡದಲ್ಲಿ ಯಾರೂ ಇರಲಿಲ್ಲ. ಹಸಿರು ನೀರು ಅಲುಗಾಡದೆ ಮಲಗಿತ್ತು. ನೀರಿನ ಅಂಚಿನ ಮೆಟ್ಟಿಲ ಮೇಲೆ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಮಾತ್ರ.

ಅಕ್ಕ ಹಾಕಿಕೊಂಡು ಬಂದದ್ದು ನೀಲಿಯೋ ಕಂದೋ, ಪರಮೇಶ್ವರಪ್ಪ ನೋಡಿರಲಿಲ್ಲ. ಮೆಟ್ಟಿಲು ಇಳಿದು ಚಪ್ಪಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಯಶೋಧಾ... ನಾನೇ ಹೇಳಿದ್ದು ಕಣೇ. ಹಿಂದೆ ಉಳಿದೋರು ಉಳಿದಂಗೆ ಅಂತ. ಅವಳಿಗೆ. ನಂಗೆ ಜ್ವರ ಬಂದ್ರೆ ಮೂರು ಮೈಲಿ ಹೊತ್ಕೊಂಡು ಹೋಗ್ತಿದ್ಲು. ಒಂದು ದಿನ ನಂಗೆ ಬೇಗ ನಡಿ ಅಂದೋಳಲ್ಲ.”

ಯಶೋಧಾ ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು. “ಅಕ್ಕಾರ ಚಪ್ಪಲಿ ಕಂದು ಬಣ್ಣದ್ದು ಅಂತ ಅನ್ಸುತ್ತೆ ಕಣ್ರಿ,” ಎಂದಳು, ಆದರೆ ದನಿಯಲ್ಲಿ ಧೈರ್ಯವಿರಲಿಲ್ಲ.

ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಲುಂಗಿ ಸರಿಮಾಡಿಕೊಳ್ಳುತ್ತ ಒಬ್ಬ ಯಜಮಾನರು ಬಂದರು. ಚಪ್ಪಲಿಯ ಮುಂದೆ ಕೈಮುಗಿದುಕೊಂಡು ಅಳುತ್ತಿರುವ ಮನುಷ್ಯನನ್ನು ಕಂಡು ಗಾಬರಿಯಾದರು.

“ಯಾಕ್ರಿ ಸ್ವಾಮಿ? ಅವು ನನ್ನವು!”

ಪರಮೇಶ್ವರಪ್ಪ ಅವರ ಕಾಲಿಗೇ ಬಿದ್ದ. ಅವರು ಚಪ್ಪಲಿ ಮೆಟ್ಟಿಕೊಂಡು ಒಂದೇ ಓಟ ಕಿತ್ತರು.

ಮಧ್ಯಾಹ್ನ ಪೂರ್ತಿ ಹುಡುಕಿದರು. ಪ್ರತಿ ಗುಡಿ, ಪ್ರತಿ ಮಂಟಪ, ಪ್ರತಿ ಕಣಜ. ನಾಲ್ಕೂವರೆಗೆ ಕಾಲೆಳೆಯುತ್ತ ಇಳಿದು, ಕೆಳಗಿನ ಪೊಲೀಸ್ ಹೊರಠಾಣೆಗೆ ಹೋದರು. ರಂಗಸ್ವಾಮಿ ಎಂಬ ಪೇದೆ ಇಬ್ಬರನ್ನೂ ನೋಡಿ ಮೊದಲು ನೀರು ಕೊಟ್ಟ.

“ಕುಂತ್ಕಳ್ರಿ. ಗಾಬರಿ ಆಗಬ್ಯಾಡ್ರಿ. ಸೀರೆ ಯಾವ ಬಣ್ಣ?”

ಪರಮೇಶ್ವರಪ್ಪ ಯೋಚಿಸಿದ. “ಅದು... ಬಣ್ಣದ್ದೇ.”

“ಕನ್ನಡಕ ಐತಾ?”

“ಮನ್ಯಾಗೆ ಇರುತ್ತೆ... ಇವತ್ತು ಗೊತ್ತಿಲ್ಲ.”

“ಬೆಳಿಗ್ಗೆ ತೆಗೆದ ಫೋಟೊ ಏನಾದ್ರೂ?”

ಫೋನು ತೆರೆದು ನೋಡಿದರೆ ಇದ್ದದ್ದು ಎರಡೇ ಫೋಟೊ: ವೇಳಾಪಟ್ಟಿಯದೊಂದು, ಮೊದಲ ಸೀಲಿನದೊಂದು. ಪೇದೆ ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದ. “ಬೆಳಿಗ್ಗಿಂದ ನಿಮ್ಮ ಜೊತೇಲೇ ಇದ್ರು ಅಂದ್ರಲ್ಲ ಸಾರ್?”

ಯಶೋಧಾ ಒಂದೇ ಉಸಿರಿಗೆ ಹೇಳಿದಳು, “ಕುಂಕುಮ ಬಣ್ಣದ ಸೀರೆ ಸಾರ್, ಹಳದಿ ಅಂಚು. ಕನ್ನಡಕ ಐತೆ, ಅದರ ಎಡಗಡೆ ಕಡ್ಡಿಗೆ ದಾರ ಸುತ್ತೈತೆ. ಎಡಗೈಗೆ ಗೋರಂಟಿ ಹಾಕ್ಕಂಡಾರೆ, ದುರ್ಗಕ್ಕೆ ಹೋಗ್ತೀನಿ ಅಂತ ನಿನ್ನೆ ಖುಷಿಗೆ ಹಾಕ್ಕಂಡಿದ್ದಂತೆ.”

ಪರಮೇಶ್ವರಪ್ಪ ತಲೆ ತಗ್ಗಿಸಿದ. ಗೋರಂಟಿ! ಅವನು ಇಡೀ ದಿನ ನೋಡಿದ್ದು ಮುಳ್ಳುಗಳನ್ನು, ಅದೂ ಗಡಿಯಾರದವನ್ನು.

ಪೇದೆ ವೈರ್‌ಲೆಸ್ಸಿಗೆ ಕೈ ಹಾಕುವುದಕ್ಕೂ ಹೊರಗೆ ಆಟೋವೊಂದು ಭರ್ರೆಂದು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಮುರುಗೇಶನ ಆಟೋ. ಅದರಿಂದ ಮೊದಲು ಚಂದ್ರಕ್ಕ ಇಳಿದಳು. ಹಿಂದೆಯೇ ದುಂಡಗಿನ ಒಬ್ಬ ಹೆಂಗಸು, ಆಮೇಲೆ ವಿಭೂತಿ ಹಚ್ಚಿದ ಒಬ್ಬ ಗಂಡಸು. ಮೂವರ ಕೈಯಲ್ಲೂ ಐಸ್‌ಕ್ರೀಮ್ ಕಡ್ಡಿ.

“ಅಕ್ಕಾ!” ಪರಮೇಶ್ವರಪ್ಪ ಓಡಿಹೋಗಿ ಅವಳ ಎರಡೂ ಕೈ ಹಿಡಿದುಕೊಂಡ.

“ಎಲ್ಲಿ ಹಾಳಾಗಿ ಹೋಗಿದ್ರೋ ಇಬ್ರೂ?” ಚಂದ್ರಕ್ಕ ಗದರಿದಳು. “ಬೆಳಿಗ್ಗಿಂದ ನಿಮ್ಮ ಹಿಂದೆ ಓಡಿ ಓಡಿ ಸಾಕಾಯ್ತು!”

“ನಮ್ಮ ಹಿಂದೆನಾ?”

“ಮತ್ತೆ? ಹತ್ತೂ ಮುಕ್ಕಾಲಿಗೆ ಗೇಟು ಬಿಡೋದೇ, ಕಾಯಂಗಿಲ್ಲ ಅಂದೋನು ನೀನೇ ತಾನೇ? ಹತ್ತೂ ನಲವತ್ತಕ್ಕೆ ಗೇಟಿಗೆ ಬಂದೆ. ನೀವಿಲ್ಲ. ಫೋನ್ ಮಾಡಾಣ ಅಂದ್ರೆ ನಿನ್ನ ನಂಬರು ನಂಗೆ ಬಾಯಿಗೆ ಬರಲ್ಲ. ಈ ಮುರುಗೇಶಪ್ಪ, ‘ಭಾಳ ಅವಸರದ ಮನುಷ್ಯ ಅಮ್ಮ, ಬೇರೆ ಆಟೋದಾಗೆ ಹೋಗಿರ್ತಾರೆ’ ಅಂದ. ಚಂದ್ರವಳ್ಳಿಗೆ ಬಂದ್ರೆ ಅಲ್ಲೂ ಇಲ್ಲ. ಅಲ್ಲಿಂದ ಮುಂದಕ್ಕೆ ಹೋಗಿರ್ತೀಯ ಅಂತ ಮ್ಯೂಸಿಯಮ್ಮಿಗೆ ಬಂದೆ. ಅಲ್ಲಿಂದ ಆಡುಮಲ್ಲೇಶ್ವರ. ಎಲ್ಲಿ ಹೋದ್ರೂ ನೀನು ಮುಂದೆ ಹೋಗಿಬಿಟ್ಟಿರ್ತೀಯ ಅಂತಾನೇ ಅಂದ್ಕೊಂಡೆ. ಜೋಗಿಮಟ್ಟಿ ಮೇಲೂ ಇಲ್ಲ. ಇನ್ನ ಆಕಾಶಕ್ಕೆ ಹೋದ್ಯೇನೋ, ಪೊಲೀಸಿಗೇ ಹೇಳಾಣ ಅಂತ ಇಲ್ಲಿಗೆ ವಾಪಸ್ ಬಂದೆ.”

ಸಂಚಿಯಿಂದ ಕಾರ್ಡು ತೆಗೆದು ಕೊಟ್ಟಳು. ಐದು ಚೌಕಕ್ಕೂ ಐದು ಸೀಲು ದುಂಡಗೆ ಬಿದ್ದಿದ್ದವು. ಆಗ ಸಮಯ ಐದು ಗಂಟೆ ಹತ್ತು ನಿಮಿಷ.

“ಇವರು...?” ಪರಮೇಶ್ವರಪ್ಪ ಮೆಲ್ಲಗೆ ಕೇಳಿದ.

“ಹಿರಿಯೂರಿನೋರು. ಶಿವಯ್ಯ, ಅನ್ನಪೂರ್ಣಮ್ಮ. ಚಂದ್ರವಳ್ಳಿ ಬಾಗ್ಲಾಗೆ, ‘ಮೂರು ಜನದ ಕಾರ್ಡು, ಇನ್ನಿಬ್ರು ಎಲ್ಲಿ’ ಅಂದ್ರು. ಇವರು ಪಕ್ಕದಾಗೆ ನಿಂತಿದ್ರು. ಸುಮ್ನೆ ಯಾಕೆ ಹಾಳಾಗ್ಬೇಕು ಅಂತ, ‘ಇವನೇ ನನ್ ತಮ್ಮ, ಇವಳು ತಮ್ಮನ ಹೆಂಡ್ತಿ’ ಅಂದುಬಿಟ್ಟೆ.”

ಶಿವಯ್ಯ ಸಂಕೋಚದಿಂದ ಕೈಮುಗಿದ. “ತಪ್ಪು ತಿಳ್ಕಬ್ಯಾಡ್ರಿ. ಮಧ್ಯಾಹ್ನ ನಿಮ್ಮ ಪಾಲಿನ ರೊಟ್ಟೀನೂ ನಾನೇ ತಿಂದೆ. ಎಣಗಾಯಿ ಬೊಂಬಾಟಾಗಿತ್ತು.”

“ಒಳ್ಳೇ ತಮ್ಮ,” ಎಂದಳು ಚಂದ್ರಕ್ಕ. “ಎಲ್ಲಿ ಕುಂತ್ರೂ ಏಳು ಅನ್ನಲಿಲ್ಲ. ಜೋಗಿಮಟ್ಟಿ ಮೇಲೆ ಒಂದು ಗಂಟೆ ಗಾಳಿಗೆ ಕುಂತಿದ್ವಿ.”

ಹೊರಠಾಣೆಯ ಬಾಗಿಲಲ್ಲಿ ಪೇದೆ ರಂಗಸ್ವಾಮಿ ಮೀಸೆಯೊಳಗೇ ನಗುತ್ತ ಪುಸ್ತಕ ಮುಚ್ಚಿದ. ಯಶೋಧಾ ಅಳುತ್ತಲೇ ನಕ್ಕಳು. ಪರಮೇಶ್ವರಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕನ ಗೋರಂಟಿ ಕೈಯನ್ನು ಬಿಡದೆ ಹಿಡಿದುಕೊಂಡೇ ಬಸ್ ನಿಲ್ದಾಣಕ್ಕೆ ಬಂದ.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಬಸ್ಸಿಗೆ ಕಾಯುವಷ್ಟರಲ್ಲಿ ಚಂದ್ರಕ್ಕ, ಅನ್ನಪೂರ್ಣಮ್ಮ, ಯಶೋಧಾ ಮೂವರೂ ಒಂದೇ ಬೆಂಚಿನ ಮೇಲೆ ತಲೆ ಸೇರಿಸಿದರು. ಮೈಸೂರಿಗೂ ಇಂಥ ಕಾರ್ಡು ಮಾಡಿಸಿಕೊಡುತ್ತೇನೆಂದು ಮಾರುತೇಶ ಹೇಳಿದ್ದು ಯಶೋಧಾಳಿಗೆ ನೆನಪಾಯಿತು. ಅದೂ ಮೂವರಿಗೆ, ಎರಡು ದಿನ.

“ಮುಂದಿನ ತಿಂಗಳು ಹೋಗಾಣ,” ಎಂದಳು ಚಂದ್ರಕ್ಕ.

“ಶಿವಯ್ಯನೋರು?” ಪರಮೇಶ್ವರಪ್ಪ ಆಸೆಯಿಂದ ಕೇಳಿದ.

“ಅವರಿಗೆ ತೋಟದ ಕೆಲಸ ಐತಂತೆ.”

“ಹಂಗಾದ್ರೆ ಮೂರನೇದು ನಾನು...”

“ಮೂರನೇದು ಯಶೋಧಾ. ಪಾಪ, ಇವತ್ತು ಏನೂ ನೋಡಲಿಲ್ಲ. ನಿಂಗೆ ಬೇರೆ ಕೆಲಸ ಐತೆ ಕಣೋ. ನಾನು ಹೋದ್ರೆ ತಾಳ್ಯದಾಗೆ ನನ್ನ ಎಮ್ಮೆ ನೋಡ್ಕಣೋರು ಯಾರು?”

ಮೂವರು ಹೆಂಗಸರೂ ಒಟ್ಟಿಗೆ ಅವನ ಕಡೆ ತಿರುಗಿದರು. ಅವತ್ತು ಅವನಿಗೆ ಯಾವುದಕ್ಕೂ ಇಲ್ಲ ಎನ್ನುವ ಶಕ್ತಿ ಇರಲಿಲ್ಲ.

ಹಾಗೆ ಮುಂದಿನ ತಿಂಗಳ ಒಂದು ಸಂಜೆ ಪರಮೇಶ್ವರಪ್ಪ ತಾಳ್ಯದ ಕೊಟ್ಟಿಗೆಯಲ್ಲಿ ಚೊಂಬು ಹಿಡಿದು ಕೂತಿದ್ದ. ಎಮ್ಮೆ ಒಂದು ತೊಟ್ಟು ಹಾಲು ಬಿಡುತ್ತಿರಲಿಲ್ಲ. ಬೇಡಿದ, ಬೈದ, ಹಿಂಡಿ ಹಾಕಿದ. ಅದು ಒದೆಯುವುದೊಂದೇ ಬಾಕಿ. ಅಕ್ಕ ಈ ಸಲವೂ ಫೋನು ಮರೆತು ಹೋಗಿದ್ದಳು, ಕೊನೆಗೆ ಅವಳ ಜೊತೆಗಿದ್ದ ಅನ್ನಪೂರ್ಣಮ್ಮನ ನಂಬರಿಗೆ ಫೋನು ಮಾಡಿದ.

“ಅದಕ್ಕೆ ನನ್ ದನಿ ಕೇಳ್ಬೇಕು ಕಣೋ,” ಎಂದಳು ಚಂದ್ರಕ್ಕ. “ವಿಡಿಯೊ ಮಾಡು. ಫೋನು ಗೋದಲಿ ಮೇಲೆ ಅದರ ಮುಖಕ್ಕೆ ಇಟ್ಟು, ನೀನು ಕೆಳಗೆ ಕುಂತ್ಕೋ.”

ಹಾಗೇ ಮಾಡಿದ. “ಬಾರೇ ನನ್ನವ್ವ, ನೋಡಿಲ್ಲಿ ಎಲ್ಲಿಗೆ ಬಂದೀನಿ,” ಎಂಬ ದನಿ ಕೇಳಿದ್ದೇ ಎಮ್ಮೆ ಕಿವಿ ನಿಮಿರಿಸಿತು, ಹಾಲು ಸರ್ರೆಂದು ಚೊಂಬಿಗೆ ಇಳಿಯಿತು. “ಇದು ದೊಡ್ಡ ಬಾಗ್ಲು ನೋಡೇ... ಇವು ಗೋಪುರ... ಇಲ್ಲೊಂದು ಆನೆ ಐತೆ, ನಿನಗಿಂತ ದೊಡ್ಡದು...” ಹಿನ್ನೆಲೆಯಲ್ಲಿ ಯಶೋಧಾ ಮನಸಾರೆ ನಗುತ್ತಿದ್ದಳು.

“ಅಕ್ಕ, ಸ್ವಲ್ಪ ಫೋನು ಈ ಕಡೆ ತಿರುಗಿಸ್ಕೊಂಡು ನಾನೂ ನೋಡ್ಲಾ?” ಎಂದ ಪರಮೇಶ್ವರಪ್ಪ ಕೆಳಗಿನಿಂದ.

“ಬ್ಯಾಡ ಬ್ಯಾಡ, ಹಾಲು ನಿಂತೋಗ್ತೈತೆ!”

ಮೈಸೂರು ಅರಮನೆಯನ್ನು ಎಮ್ಮೆ ಕಣ್ತುಂಬ ನೋಡಿತು. ಪರಮೇಶ್ವರಪ್ಪ ಎಮ್ಮೆಯ ಹೊಟ್ಟೆಯನ್ನು ನೋಡುತ್ತ ಕೂತ.